ಬೆನ್ನು ಮಾತ್ರ

ಕರಿಬೇವು ತರುತ್ತೇನೆಂದು ಹೋದ ಗಂಡ ಬಾಹ್ಯಾಕಾಶ ಸೇರಿದರೆ ಹೆಂಡತಿಯಾದವಳು ಏನು ಮಾಡಬೇಕು, ನೀವೇ ಹೇಳಿ. ನಾನು ಒಲೆ ಆರಿಸಿದೆ. ಅಷ್ಟರಲ್ಲಿ ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಗಿತ್ತು. ಎಲ್ಲಿ ಹರಟೆ ಹೊಡೆಯುತ್ತ ನಿಂತರೋ ಈ ಮಹಾರಾಯರು ಎಂದು ಬೈದುಕೊಳ್ಳುತ್ತ, ಬೇರೆ ಒಗ್ಗರಣೆಯನ್ನು ಕರಿಬೇವಿಲ್ಲದೆಯೇ ಹಾಕಿ ಮಗಳು ರೇವತಿಗೆ ಬಡಿಸಿದೆ. ಅವರು ರಾತ್ರಿ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಗುರುವಾರ ‘ಬೆಳ್ಳಕ್ಕಿ’ಯ ಹೊಸ ಸಂಚಿಕೆ ಫೋನಿಗೆ ಬಂದಾಗ ಅದರಲ್ಲಿದ್ದರು. ಬೂದು ಬಣ್ಣದ ಸಮವಸ್ತ್ರ, ಕೈಯಲ್ಲಿ ಸ್ಪ್ಯಾನರು, ಎಡ ಹುಬ್ಬಿನ ಮೇಲೆ ಅದೇ ಹಳೆಯ ಗಾಯದ ಗುರುತು. ಜೇಬಿನಿಂದ ಕರಿಬೇವಿನ ಎಸಳು ಇಣುಕುತ್ತಿತ್ತು. ಮನೆಯಲ್ಲಿ ಒಂದು ಬಲ್ಬು ಬದಲಿಸುವುದಕ್ಕೆ ಯುಗಾದಿಯಿಂದ ದೀಪಾವಳಿಯವರೆಗೆ ಸಬೂಬು ಹೇಳಿದ ಚೆಲುವರಾಜ ಎಂಬ ಈ ಮನುಷ್ಯ, ಅಲ್ಲಿ ಆಕಾಶನೌಕೆಯ ರಿಪೇರಿಗೆ ನಿಂತಿದ್ದರು.

ನಮ್ಮ ಊರಿನಲ್ಲಿ ಯಾರಾದರೂ ಕಾಣೆಯಾದರೆ ಪೊಲೀಸರ ಹತ್ತಿರ ಹೋಗುವುದಿಲ್ಲ. ಗುರುವಾರದವರೆಗೆ ಕಾಯುತ್ತಾರೆ. ‘ಬೆಳ್ಳಕ್ಕಿ’ ಎಂದರೆ ಫೋನಿನಲ್ಲಿ ಬರುವ ಒಂದು ಚಿತ್ರಕಥೆ. ಅದೇ ಹೆಸರಿನ ನೌಕೆಯೊಂದು ನಕ್ಷತ್ರಗಳ ನಡುವೆ ಅಲೆಯುತ್ತ ಹೋಗುವ ಸಾಹಸದ ಕಥೆ. ಯಾರು ಬರೆಯುತ್ತಾರೋ ಗೊತ್ತಿಲ್ಲ. ಹೊರಗಿನವರು ಅದನ್ನು ಕಥೆಯೆಂದೇ ಓದುತ್ತಾರೆ. ನಾವು ನಮ್ಮವರನ್ನು ಹುಡುಕಿಕೊಂಡು ಓದುತ್ತೇವೆ. ಶುಕ್ರವಾರ ಬೆಳಿಗ್ಗೆ ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ಎಲ್ಲೇ ಹೋದರೂ ಒಂದೇ ವಿಚಾರಣೆ. ‘ನಿಮ್ಮವರು ಬಂದಿದ್ರಾ?’ ‘ಬಂದಿದ್ರು, ಬೆನ್ನು ಮಾತ್ರ.’ ಬೆನ್ನು ಕಂಡರೂ ಸಮಾಧಾನವೇ. ನನ್ನ ಪಕ್ಕದ ಮನೆಯ ಝರೀನಾಬಿಯವರ ಮಗಳು ನಸೀಮಾ ಆ ನೌಕೆಯ ಅಡುಗೆಮನೆಯಲ್ಲಿದ್ದಾಳೆ. ಕಥೆಯಲ್ಲಿ ಅವಳ ಬಾಯಿಗೆ ಮೊದಲ ಸಲ ಒಂದು ಮಾತು ಹಾಕಿದಾಗ, ‘ಉಪ್ಪು ಮುಗಿದಿದೆ ಕ್ಯಾಪ್ಟನ್’ ಎನ್ನುವ ಮಾತು ಅಷ್ಟೇ, ಝರೀನಾಬಿ ಇಡೀ ಬೀದಿಗೆ ಪಾಯಸ ಹಂಚಿದ್ದರು. ಚಿತ್ರ ಬರೆಯುವವರು ನಮ್ಮ ಹುಡುಗನನ್ನು ತೆಳ್ಳಗೆ ಮಾಡಿಬಿಟ್ಟರು ಎಂದು ಕಣ್ಣೀರು ಹಾಕಿದ ತಾಯಂದಿರೂ ಇದ್ದಾರೆ.

ಇಷ್ಟಕ್ಕೆಲ್ಲ ಹೊಂದಿಕೊಂಡಿದ್ದೆವು. ನನಗೆ ಹೊಂದಿಕೊಳ್ಳಲಾಗದೆ ಮೈ ಉರಿಯುತ್ತಿದ್ದದ್ದು ಅಭಿಮಾನಿಗಳ ಸಂಘವನ್ನು ಕಂಡರೆ. ಆ ಚಿತ್ರಕಥೆಗೆ ನಮ್ಮ ಊರಿನಿಂದ ವಾರಕ್ಕೆ ಒಂದೇ ಒಂದು ಕಾಮೆಂಟು ಹೋಗುತ್ತದೆ. ಎರಡನೆಯದನ್ನು ಒತ್ತಿದರೂ ಹೋಗುವುದಿಲ್ಲ. ಹೊರಗಿನವರು ಸಾವಿರ ಬರೆದುಕೊಳ್ಳಲಿ, ಕಥೆ ಕಿವಿಗೆ ಹಾಕಿಕೊಳ್ಳುವುದು ನಮ್ಮ ಊರಿನ ಆ ಒಂದನ್ನು ಮಾತ್ರ. ‘ಇದು ನಂಬುವ ಹಾಗಿಲ್ಲ’ ಎಂದು ನಾವು ಬರೆದರೆ ಗುರುವಾರದ ಹೊತ್ತಿಗೆ ಅದು ತಿದ್ದಿಕೊಂಡಿರುತ್ತದೆ. ಹಳೆಯ ಸಂಚಿಕೆಯಲ್ಲೂ ಬೇರೆ ಚಿತ್ರ ಬಂದು ಕೂತಿರುತ್ತದೆ. ಮೊದಲೆಲ್ಲ ನೌಕೆಯ ಹೊರಗೆ ಏನಾದರೂ ಸಿಡಿದರೆ ‘ಢಂ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿದ್ದರು. ಗಾಳಿಯೇ ಇಲ್ಲದ ಕಡೆ ಸದ್ದೆಲ್ಲಿಂದ ಬಂತು ಎಂದು ಸಂಘದವರು ಕೇಳಿದ ಮೇಲೆ ‘ಢಂ’ ಹೋಯಿತು. ಲೋಟದಲ್ಲಿ ಚಹಾ ನಿಲ್ಲುವುದು ಹೇಗೆ ಎಂದು ಕೇಳಿದರು. ಪಾಪ, ಅವತ್ತಿನಿಂದ ಅಲ್ಲಿರುವ ನಮ್ಮ ಮಕ್ಕಳೆಲ್ಲ ಪೊಟ್ಟಣ ಕಚ್ಚಿ ಚಹಾ ಹೀರುತ್ತಿದ್ದಾರೆ. ನಮ್ಮವರ ಜೇಬಿನ ಕರಿಬೇವು ಇಷ್ಟು ದಿನವಾದರೂ ಯಾಕೆ ಬಾಡಿಲ್ಲ ಎಂದು ಒಂದು ಸಲ ಚರ್ಚೆ ಎತ್ತಿದರು. ಆ ಎಸಳಿನ ತಂಟೆಗೆ ಬಂದರೆ ಕಾಲು ಮುರಿಯುತ್ತೇನೆ ಎಂದು ಬೀದಿಯಲ್ಲಿ ನಿಂತು ಹೇಳಿದ್ದೆ. ಅದಕ್ಕೆ ಬಿಟ್ಟರು.

ಭಾನುವಾರ ಮಧ್ಯಾಹ್ನ ಮುಚ್ಚಿಹೋದ ಟಾಕೀಸಿನ ಬಾಲ್ಕನಿಯಲ್ಲಿ ಅವರ ಸಭೆ. ಮುಂದಿನ ಸಾಲುಗಳಲ್ಲಿ ಸಂಘದವರು. ಹಿಂದಿನ ಸಾಲು ನಮಗೆ, ಅಂದರೆ ನೌಕೆಯಲ್ಲಿ ತಮ್ಮವರು ಇರುವವರಿಗೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ: ‘ಸಂಬಂಧಿಕರು ಮಾತನಾಡುವಂತಿಲ್ಲ, ಕೈ ಎತ್ತುವಂತಿಲ್ಲ.’ ಯಾಕೆ ಎಂದರೆ ಪಕ್ಷಪಾತ ಬರುತ್ತದಂತೆ. ನಮ್ಮ ರಕ್ತ ಹಂಚಿಕೊಂಡವರ ಪ್ರಾಣದ ವಿಷಯವನ್ನು, ಅಲ್ಲಿ ತಮ್ಮದೆನ್ನುವ ಒಂದು ನರಪಿಳ್ಳೆಯೂ ಇಲ್ಲದವರು ಕಡಲೆಕಾಯಿ ಬಿಡಿಸುತ್ತ ತೀರ್ಮಾನ ಮಾಡಬೇಕು, ನಾವು ಹಿಂದೆ ಕೂತು ಕೇಳಬೇಕು. ಇದಕ್ಕೆ ನ್ಯಾಯ ಅಂತ ಹೆಸರು.

ಸಂಘದ ಅಧ್ಯಕ್ಷರು ವಿಠೋಬರಾಯರು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಒಂದು ಕಾಲಕ್ಕೆ ಅವರೂ ನಮ್ಮ ಸಾಲಿನವರೇ. ಅವರ ಮಗ ಜಯತೀರ್ಥ ನೌಕೆಯಲ್ಲಿದ್ದ. ಅಲ್ಲಿಯ ನೀರಿನ ಟ್ಯಾಂಕು ಬಿರಿದು ಕೋಣೆಯೆಲ್ಲ ನೀರು ತುಂಬಿಕೊಂಡಾಗ, ಮುಳುಗಿ ಹೋಗಿ ವಾಲ್ವು ತಿರುಗಿಸಿ ಎಲ್ಲರನ್ನೂ ಉಳಿಸಿ ಆಚೆ ಬಂದ. ಅಷ್ಟು ಹೊತ್ತು ಯಾವ ಮನುಷ್ಯನೂ ನೀರಿನೊಳಗೆ ಇರಲಾರ ಎಂದು ಸಂಘ ಬರೆಯಿತು. ಮುಂದಿನ ಗುರುವಾರ ತಿದ್ದಿಕೊಂಡು ಬಂದ ಚಿತ್ರದಲ್ಲಿ ಅವನು ಆಚೆ ಬಂದಿರಲಿಲ್ಲ. ರಾಯರು ಇಲ್ಲಿ ತಿಥಿ ಮಾಡಿದರು. ಆಮೇಲೆ ನೌಕೆಯಲ್ಲಿ ಅವರಿಗೆ ಯಾರೂ ಇಲ್ಲವಾದ್ದರಿಂದ, ಇನ್ನು ಪಕ್ಷಪಾತದ ಮಾತಿಲ್ಲವೆಂದು, ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಅವರು ಆ ಕುರ್ಚಿಯಲ್ಲಿ ಕೂತೇಬಿಟ್ಟರು. ನನಗೆ ಆ ಮನುಷ್ಯನ ಮೇಲಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಇನ್ನು ನಮ್ಮವರ ಕಥೆ. ಆಂಟೆನಾ ಸರಿಮಾಡಲು ನೌಕೆಯ ಹೊರಗೆ ಹೋದರು, ಸೊಂಟಕ್ಕೆ ಕಟ್ಟಿದ್ದ ಹಗ್ಗ ಹರಿಯಿತು, ತೇಲಿಹೋದರು. ಅವರ ಎದೆಯ ಮೇಲಿನ ಮೀಟರು ಒಂದು ಗಂಟೆಯ ಗಾಳಿ ಎಂದು ತೋರಿಸುತ್ತಿತ್ತು. ಮುಂದಿನ ವಾರದ ಸಂಚಿಕೆಯಲ್ಲಿ ಅವರ ಸುದ್ದಿಯೇ ಇಲ್ಲ. ಹುಡುಕಲು ಹೋಗಬೇಕೋ ಬೇಡವೋ ಎಂದು ಕ್ಯಾಪ್ಟನ್ನಿಗೂ ನಸೀಮಾಗೂ ಜಗಳ. ಅದರ ಮುಂದಿನ ವಾರ ಉಲ್ಕೆಗಳ ಮಳೆ. ಅದಾದ ಮೇಲಿನ ಸಂಚಿಕೆಯ ಕೊನೆಯ ಚಿತ್ರದಲ್ಲಿ ಕಪ್ಪು ಆಕಾಶ, ಮೂಲೆಯಲ್ಲಿ ಸಣ್ಣ ಚುಕ್ಕೆಯಂಥ ಒಂದು ಹೆಲ್ಮೆಟ್ಟು, ಅದರ ದೀಪ ಮಿನುಗುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ರೇವತಿ ಆ ವಾರ ಊಟ ಬಿಟ್ಟಳು. ಅಪ್ಪ ಬದುಕಿದ್ದಾರಾ ಅಮ್ಮ ಎಂದು ಅವಳು ಕೇಳಿದರೆ, ಭಾನುವಾರ ಗೊತ್ತಾಗುತ್ತದೆ ಮಗಳೇ ಎಂದು ಹೇಳಬೇಕಾಗಿ ಬಂದ ನನ್ನ ಹಣೆಬರಹಕ್ಕೆ ಏನನ್ನೋಣ.

ಆ ಭಾನುವಾರ ಮೊಬೈಲ್ ಅಂಗಡಿಯ ಕರಿಬಸವ ಎದ್ದು ನಿಂತ. ಸಂಘದಲ್ಲಿ ಗಟ್ಟಿ ಬಾಯಿ ಅವನದೇ. ‘ಚಿತ್ರದಲ್ಲಿ ನೌಕೆ ಗೋಡೆ ಗಡಿಯಾರ ಐತಲ್ಲ, ನೋಡ್ಕಳಿ. ಹಗ್ಗ ಹರಿದಾಗ ಎಷ್ಟಿತ್ತು, ಈಗ ಎಷ್ಟೈತಿ. ಮೂರು ತಾಸು ದಾಟೈತಿ. ಒಂದು ತಾಸಿನ ಗಾಳಿಯಾಗೆ ಮೂರು ತಾಸು ಬದುಕಿದ್ರೆ ಇದನ್ನ ಕಥೆ ಅಂತಾರೇನ್ರೀ, ಅಜ್ಜಿಕಥೆ ಅಂತಾರೆ,’ ಎಂದ.

ಮುಂದಿನ ಸಾಲಿನಲ್ಲಿ ಇನ್ನೊಬ್ಬ ಹೇಳಿದ, ‘ಬದುಕಿಸಿಬಿಟ್ರೆ ಸಸ್ಪೆನ್ಸೇ ಹೋಗ್ತದೆ. ಒಂದು ಸಾವು ಬೇಕು ಈಗ. ಭಾಳ ದಿವಸ ಆತು.’

ಭಾಳ ದಿವಸ ಆಯಿತಂತೆ. ಪಕ್ಕದಲ್ಲಿದ್ದ ಝರೀನಾಬಿ ನನ್ನ ಮೊಣಕೈ ಒತ್ತಿ ಹಿಡಿದರು. ವಿಠೋಬರಾಯರು ಕನ್ನಡಕ ಒರೆಸಿಕೊಂಡು, ‘ಹಾಗಾದರೆ, ಚೆಲುವರಾಜ ಈ ಹೊತ್ತಿಗೆ ಬದುಕಿರುವುದು ನಂಬುವ ಹಾಗಿಲ್ಲ, ಅಂತ ಬರೆಯೋಣವೇ? ಒಪ್ಪಿಗೆ ಇದ್ದವರು ಕೈ ಎತ್ತಿ,’ ಎಂದರು.

ನಾನು ಎದ್ದೆ. ‘ಕೈ ಎತ್ತಿದೋರ ಕೈ ಮುರೀತೀನಿ,’ ಎಂದೆ.

ಹಿಂದಿನ ಸಾಲಿನಿಂದ ಅವತ್ತಿನವರೆಗೆ ಮಾತು ಹೊರಟಿರಲಿಲ್ಲ. ರಾಯರು ಗೋಡೆಯ ಕಡೆ ಕೈ ತೋರಿಸಿದರು. ‘ಪಂಕಜಮ್ಮ, ಕೂತ್ಕೊಳ್ಳಿ. ನಿಯಮ ಎಲ್ಲರಿಗೂ ಒಂದೇ. ನಾನೂ ಅಲ್ಲೇ ಕೂತಿದ್ದೆ. ನನ್ನ ಮಗನ ವಿಷಯ ಬಂದ ದಿವಸ ನಾನು ತುಟಿ ಎರಡು ಮಾಡಲಿಲ್ಲ.’

‘ಮಾಡಬೇಕಿತ್ತು,’ ಎಂದೆ.

ಅವರ ಮುಖ ಸುಣ್ಣವಾಯಿತು. ಆದರೆ ನನಗೆ ಆಗ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ‘ನಿಮಗೆಲ್ಲ ಆ ಮನುಷ್ಯನ ವಿಷಯ ಏನು ಗೊತ್ತು? ಗಡಿಯಾರ ನೋಡೋಕೆ ಬರ್ತದೆ, ಮೀಟರು ನೋಡೋಕೆ ಬರ್ತದೆ. ಅವರ ಜೊತೆ ಸಂಸಾರ ಮಾಡಿರೋಳು ನಾನು. ಗಾಬರಿಯಾದ್ರೆ ಜನ ಓಡ್ತಾರೆ, ಕೂಗ್ತಾರೆ. ಈ ಮಹಾರಾಯರಿಗೆ ನಿದ್ದೆ ಬರ್ತದೆ, ನಿದ್ದೆ. ಮದುವೆ ದಿವಸ ಮುಹೂರ್ತದ ಹೊತ್ತಿಗೆ ಎಲ್ಲರೂ ಹುಡುಕಿದ್ರೆ ಉಗ್ರಾಣದಾಗೆ ಅಕ್ಕಿ ಮೂಟೆ ಮೇಲೆ ಬಿದ್ಕೊಂಡಿದ್ರು. ನಾನು ಹೆರಿಗೆ ನೋವು ತಿಂತಿದ್ದಾಗ ಆಸ್ಪತ್ರೆ ಬೆಂಚಿನ ಮೇಲೆ ಗೊರಕೆ. ಮಗು ಕೊಡೋಕೆ ಬಂದ ನರ್ಸಮ್ಮ ಎಬ್ಬಿಸಿ ಎಬ್ಬಿಸಿ ಸಾಕಾಗಿ ನನ್ನ ತಾಯಿ ಕೈಗೆ ಕೊಟ್ಟು ಹೋದ್ಲು. ಅವರಪ್ಪ ತೀರಿಕೊಂಡ ದಿವಸ ಹೆಣದ ಪಕ್ಕದಾಗೆ ಹೆಣದ ಹಂಗೇ ಮಲಗಿದ್ರು. ಇದೇ ವಿಷಯಕ್ಕೆ ನಾನು ಅವರಿಗೆ ಮಾಡಿರೋ ಮಂಗಳಾರತಿ ದೇವರಿಗೂ ಮಾಡಿಲ್ಲ.’

ಯಾರೋ ಕಿಸಕ್ಕೆಂದರು. ನಾನು ಅವರನ್ನು ನೋಡಿದ ಮೇಲೆ ಸುಮ್ಮನಾದರು.

‘ಹಗ್ಗ ಹರಿದ ತಕ್ಷಣ ಮಲಗಿರ್ತಾರೆ,’ ಎಂದೆ. ‘ನನ್ನ ಮಾಂಗಲ್ಯದ ಮೇಲೆ ಆಣೆ. ಮಲಗಿದ ಮನುಷ್ಯ ಎಷ್ಟು ಗಾಳಿ ತಗೋತಾನೆ, ಅದನ್ನ ಲೆಕ್ಕ ಹಾಕ್ರಿ.’

ಆಗ ಝರೀನಾಬಿ ಎದ್ದರು. ಅವರು ಎದ್ದು ಮಾತಾಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ‘ನಮ್ ಬೀದಿಯಾಗ ಬೆಂಕಿ ಬಿದ್ದಿತ್ತಲ್ಲ,’ ಎಂದರು, ‘ಅವತ್ತು ಚೆಲುವಣ್ಣನ್ನ ಮಂಚದ ಸಮೇತ ಹೊರಗೆ ಹೊತ್ತು ತಂದ್ರು. ಬೀದಿಯಾಗ ಇಟ್ರೂ ಏಳ್ಲಿಲ್ಲ. ಮಂಚಕ್ಕೆ ಕೈ ಹಾಕಿದೋರು ಇಲ್ಲೇ ಮುಂದಿನ ಸಾಲಿನಾಗ ಕುಂತಾರ, ಕೇಳ್ರಿ.’

ಮುಂದಿನ ಸಾಲಿನಲ್ಲಿ ಇಬ್ಬರು ತಲೆ ಕೆರೆದುಕೊಂಡರು. ಒಬ್ಬ ಹೌದು ಎಂದ. ಕರಿಬಸವ ಫೋನಿನಲ್ಲಿ ಏನೋ ಒತ್ತಿ ನೋಡಿದ, ಮೇಲೆ ನೋಡಿದ, ಮತ್ತೆ ಒತ್ತಿದ. ಅವನನ್ನು ಬೈಯುತ್ತೇನೆ ನಿಜ, ಆದರೆ ಒಂದು ಮಾತು ಒಪ್ಪಬೇಕು, ಅವನಿಗೆ ಮೋಸ ಗೊತ್ತಿಲ್ಲ. ‘ಆಗ್ತದೆ,’ ಎಂದ. ‘ಮೀಟರಿನ ಲೆಕ್ಕ ದುಡಿಯೋ ಮನುಷ್ಯಂದು. ಮಲಗಿದ್ರೆ ಅದೇ ಗಾಳಿ ಮೂರು ಪಟ್ಟು ಬರ್ತದೆ. ಗಾಢ ನಿದ್ದೆ ಆದ್ರೆ ಇನ್ನೂ ಸ್ವಲ್ಪ ಹೆಚ್ಚಿಗೇನೆ.’

ಅಷ್ಟೇ ಸಾಕಾಯಿತು ಅವರಿಗೆ. ಈಗ ತಾನೇ ಸಾವು ಬೇಕು ಎಂದವನೇ, ಆಹಾ ಎಂಥ ತಿರುವು, ಹೆಲ್ಮೆಟ್ಟಿನಲ್ಲಿ ಮುಖ ತೋರಿಸದೆ ಇದ್ದದ್ದು ಇದಕ್ಕೇ, ಎಂದು ಪಕ್ಕದವನ ತೊಡೆ ತಟ್ಟಿದ. ಕೊಲ್ಲುವುದಕ್ಕೆ ಹೊರಟಾಗ ಇದ್ದ ಹುರುಪೇ ಉಳಿಸುವಾಗಲೂ ಇತ್ತು. ನನಗೆ ಅದೂ ಅಸಹ್ಯವಾಯಿತು. ಇವರ ಪಾಲಿಗೆ ನನ್ನ ಗಂಡ ಒಂದು ಒಳ್ಳೆಯ ಒಗಟು, ಅಷ್ಟೇ.

ಸಂಬಂಧಿಕರ ಮಾತು ಲೆಕ್ಕಕ್ಕೆ ಬರುವುದಿಲ್ಲ ಎಂದು ರಾಯರು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಕೊನೆಗೆ ತಾವೇ ಫೋನು ತೆಗೆದು ಕಾಮೆಂಟು ಬರೆದು ಓದಿ ಹೇಳಿದರು: ‘ಆ ಮನುಷ್ಯನಿಗೆ ಹೆದರಿದರೆ ನಿದ್ದೆ ಬರುತ್ತದೆ. ಬದುಕಿರಬಹುದು.’ ಕೈ ಎತ್ತಿಸುವ ಶಾಸ್ತ್ರವನ್ನೂ ಮಾಡದೆ ಕಳಿಸಿ, ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದರು.

ಗುರುವಾರ ರೇವತಿ ಫೋನು ಮುಟ್ಟಲು ಒಪ್ಪಲಿಲ್ಲ. ನಾನೇ ತೆಗೆದೆ. ನಸೀಮಾ ಹೊಸ ಹಗ್ಗ ಕಟ್ಟಿಕೊಂಡು ಹೊರಗೆ ಹೋಗಿ ಅವರನ್ನು ಎಳೆದು ತಂದಿದ್ದಳು. ಹೆಲ್ಮೆಟ್ಟು ಬಿಚ್ಚಿದ ಚಿತ್ರದಲ್ಲಿ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಕಟಬಾಯಿಯಲ್ಲಿ ಜೊಲ್ಲು. ನಸೀಮಾ ಕೆನ್ನೆಗೆ ಎರಡು ಬಾರಿಸಿದಳು. ಅವರು ಕಣ್ಣು ಬಿಟ್ಟು, ‘ಊಟ ಆಯ್ತಾ?’ ಎಂದು ಕೇಳಿದರು. ನಮ್ಮ ಬೀದಿಯಲ್ಲಿ ಮನೆಮನೆಯಿಂದ ನಗು ಕೇಳಿಸಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ, ಅಳುತ್ತಲೇ ಬೈದೆ. ಬರಲಿ ಮನೆಗೆ, ಇದೆ ಇವರಿಗೆ, ಎಂದು ಬೈದೆ. ಬರುವವರು ಯಾರೂ ಇಲ್ಲ, ಅದೂ ಗೊತ್ತು. ಅಲ್ಲಿಂದ ಇಲ್ಲಿಯವರೆಗೆ ಯಾರೂ ವಾಪಸು ಬಂದಿಲ್ಲ. ರೇವತಿ ಮಾತ್ರ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡಳು.

ಸಂತೋಷವಾಗಿರಬೇಕಿತ್ತು ನಾನು. ಎರಡು ದಿನ ಇದ್ದೆ. ಶನಿವಾರ ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿದ್ದಾಗ ಜಯತೀರ್ಥನ ನೆನಪಾಯಿತು. ಊರಾಚೆ ಕಲ್ಲು ತೆಗೆದ ಗುಂಡಿಯಲ್ಲಿ ನೀರು ನಿಂತಿದೆಯಲ್ಲ, ಆ ಹುಡುಗ ದಿನವೂ ಅಲ್ಲಿ ಬೀಳುತ್ತಿದ್ದ. ಒಮ್ಮೆ ನಾನು ಬಟ್ಟೆ ಒಗೆಯಲು ಹೋದಾಗ ಮುಳುಗಿದವನು ಏಳಲೇ ಇಲ್ಲ. ಬಕೆಟ್ಟು ಅಲ್ಲೇ ಬಿಟ್ಟು ಜನ ಕರೆಯಲು ಓಡಿದ್ದೆ. ಜನ ಬರುವ ಹೊತ್ತಿಗೆ ದಡದಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಿದ್ದ. ಎಲ್ಲರ ಕೈಯಲ್ಲೂ ಬೈಸಿಕೊಂಡೆ. ಆ ನೆನಪು ಬಂದದ್ದೇ ಸೂಜಿ ಬೆರಳಿಗೆ ಚುಚ್ಚಿತು, ಸಿಟ್ಟು ಮತ್ತೆ ನೆತ್ತಿಗೇರಿತು.

ಭಾನುವಾರ ಸಭೆಯಲ್ಲಿ ಎಲ್ಲರೂ ನಗುನಗುತ್ತ ಇದ್ದರು. ರಾಯರು ತಮ್ಮ ಕುರ್ಚಿಯಲ್ಲಿದ್ದರು. ನಾನು ಎದ್ದು ನಿಂತು, ನನ್ನದೊಂದು ಮಾತಿದೆ ಎಂದೆ.

‘ನಿಮ್ಮೋರು ಬಂದ್ರಲ್ಲಕ್ಕ,’ ಎಂದ ಕರಿಬಸವ. ‘ಇನ್ನೇನು?’

‘ಜಯತೀರ್ಥ ಸತ್ತದ್ದು ನಂಬೋ ಹಂಗೈತೇನಪ್ಪ?’

ಅವನಿಗೆ ಅರ್ಥವಾಗಲಿಲ್ಲ. ಯಾರಿಗೂ ಆಗಲಿಲ್ಲ. ನಾನು ಬಿಡಿಸಿ ಹೇಳಿದೆ. ‘ಇಷ್ಟು ವರ್ಷದಿಂದ ಬದುಕಿದೋರಿಗೆಲ್ಲ ಸಾಕ್ಷಿ ಕೇಳ್ತಾ ಬಂದಿರಿ. ಹೆಂಗೆ ಬದುಕಿದ, ಯಾಕೆ ಬದುಕಿದ, ಲೆಕ್ಕ ಕೊಡು ಅಂತ. ಸತ್ತೋರಿಗೆ ಒಂದು ದಿವಸ ಕೇಳಿದ್ದೀರಾ? ಯಾರಾದ್ರೂ ಸತ್ರೆ ಸಾಕು, ಇದು ಸಹಜ ಐತಿ ಅಂತ ತಲೆ ಆಡಿಸಿ ಮನೆಗೆ ಹೋಗ್ತೀರಿ. ಕಲ್ಲುಗುಂಡಿಯಾಗೆ ಆ ಹುಡುಗ ಮುಳುಗೋದು ನೀವು ಯಾರೂ ನೋಡಿಲ್ಲೇನು? ಆ ಹುಡುಗ ನೀರಿನಾಗೆ ಸತ್ತ ಅಂದ್ರೆ ನಾನು ನಂಬಲ್ಲ. ಬರೀರಿ ಅದನ್ನ.’

‘ಪಂಕಜಮ್ಮ,’ ಎಂದರು ರಾಯರು. ಎದ್ದು ನಿಂತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಆ ಹಿಂದೆ ನೋಡಿರಲಿಲ್ಲ. ‘ಆ ಮಾತು ಎತ್ತಬೇಡಿ. ನಾನು ನನ್ನ ಕೈಯಾರೆ ಪಿಂಡ ಇಟ್ಟಿದ್ದೇನೆ. ಮುಗಿದ ಗಾಯ ಅದು, ಕೆರೀಬೇಡಿ. ನಿಮಗೆ ನಿಮ್ಮವರು ಸಿಕ್ಕರಲ್ಲ, ಸಾಕು, ಮನೆಗೆ ಹೋಗಿ.’

‘ಹೋಗಲ್ಲ ರಾಯರೇ. ಅವತ್ತು ಈ ಸಾಲಿನಾಗೆ ಕೂತು ನುಂಗಿಕೊಂಡ್ರಲ್ಲ, ಅದನ್ನ ಇವತ್ತು ಹೇಳಿ. ನಿಮ್ಮ ಮಗ ಎಷ್ಟು ಹೊತ್ತು ಇರ್ತಿದ್ದ ನೀರೊಳಗೆ?’

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. ಹೊಡೆಯುತ್ತಾರೇನೋ ಎನ್ನಿಸಿತು. ಆಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡು, ಯಾರಿಗೂ ಅಲ್ಲದ ಹಾಗೆ ಹೇಳಿದರು. ‘ದಡದಲ್ಲಿ ನಿಂತು ಹೆದರಿ ವಿಷ್ಣು ಸಹಸ್ರನಾಮ ಶುರು ಮಾಡ್ತಿದ್ದೆ. ಗಡಿಬಿಡಿಯಲ್ಲಿ ಹೇಳ್ತಿದ್ದೆ ಅನ್ನಿ. ಅರ್ಧ ಆಗೋ ಹೊತ್ತಿಗೆ ತಲೆ ಮೇಲೆ ಬರ್ತಿತ್ತು. ಒಂದು ಸಲ ಅರ್ಧ ದಾಟಿತು. ಅವತ್ತು ಎಳೆದು ಕೆನ್ನೆಗೆ ಹೊಡೆದೆ. ಅಪ್ಪ, ನೀವು ಪೂರ್ತಿ ಮುಗಿಸೋವರೆಗೂ ಇರ್ತಿದ್ದೆ, ಅಂದ.’

ಕರಿಬಸವ ಮೆಲ್ಲಗೆ ಹೇಳಿದ, ‘ಸಂಚಿಕೆಯಾಗೆ ಅರ್ಧ ಸಹಸ್ರನಾಮದಷ್ಟು ಹೊತ್ತೂ ಆಗಿರ್ಲಿಲ್ಲ ರಾಯರೇ.’ ಹೇಳಿದವನೇ ತಲೆ ಕೆಳಗೆ ಹಾಕಿದ. ಅವತ್ತು ಅಷ್ಟು ಹೊತ್ತು ಇರಲಾರ ಎಂದು ಎದ್ದು ನಿಂತು ವಾದಿಸಿದವನು ಅವನೇ. ರಾಯರು ತಮ್ಮ ಫೋನನ್ನು ಅವನ ಕಡೆ ಚಾಚಿದರು. ಅವನೇ ತೆಗೆದುಕೊಂಡು ಬರೆದ: ‘ಜಯತೀರ್ಥ ನೀರಿನಲ್ಲಿ ಸತ್ತನೆಂಬುದು ನಂಬುವ ಹಾಗಿಲ್ಲ.’ ಈ ಸಲ ಎಲ್ಲ ಕೈಗಳೂ ಎದ್ದವು. ಹಿಂದಿನ ಸಾಲಿನವರೂ ಎತ್ತಿದರು. ಎತ್ತುವಂತಿಲ್ಲ ಎಂದು ಯಾರೂ ಹೇಳಲಿಲ್ಲ.

ಸತ್ತವರ ವಿಷಯ ಕಥೆ ಕೇಳುತ್ತದೋ ಇಲ್ಲವೋ, ಯಾರಿಗೂ ತಿಳಿದಿರಲಿಲ್ಲ. ಆ ವಾರವೆಲ್ಲ ರಾಯರು ಅಂಗಡಿ ತೆರೆಯಲಿಲ್ಲ. ಇಲ್ಲದ ಆಸೆ ಹುಟ್ಟಿಸಿದೆ, ನೀನು ಮಾಡಿದ್ದು ತಪ್ಪು ಎಂದು ನನಗೆ ಮುಖದ ಮೇಲೆ ಹೇಳಿದವರೂ ಇದ್ದರು. ಆಸೆಗೂ ಅನುಮತಿ ತಗೋಬೇಕಾ ಎಂದು ನಾನೂ ಮುಖದ ಮೇಲೆ ಕೇಳಿದೆ. ಆದರೆ ಗುರುವಾರ ಫೋನನ್ನು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟು, ಆಮೇಲೆ ತೆಗೆದೆ. ನೌಕೆಯ ಊಟದ ಮನೆ. ನಮ್ಮವರಿಗೆ ಕ್ಯಾಪ್ಟನ್ನಿಂದ ಬೈಗುಳ ನಡೆದಿತ್ತು, ನೋಡಿ ಖುಷಿಯಾಯಿತು. ನಸೀಮಾ ಒಗ್ಗರಣೆ ಹಾಕುತ್ತಿದ್ದಳು. ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಮೂಲೆಮೂಲೆ ನೋಡಿದೆ.

ಭಾನುವಾರ ನಾವು ನಮ್ಮ ಸಾಲಿನಲ್ಲಿ ಕೂತಿದ್ದೆವು. ವಿಠೋಬರಾಯರು ಮೆಟ್ಟಿಲು ಹತ್ತಿ ಬಂದರು. ತಮ್ಮ ಕುರ್ಚಿಯ ಹತ್ತಿರ ಹೋಗಲೇ ಇಲ್ಲ. ಹಿಂದಿನ ಸಾಲಿಗೆ ಬಂದು, ಝರೀನಾಬಿ ಸರಿದು ಕೊಟ್ಟ ಜಾಗದಲ್ಲಿ, ನನ್ನ ಪಕ್ಕ ಕೂತರು. ಕೇಳುವುದು ನಮ್ಮ ಊರಿನ ಪದ್ಧತಿ. ಕೇಳಿದೆ.

‘ನಿಮ್ಮವರು ಬಂದಿದ್ರಾ ರಾಯರೇ?’

‘ಬಂದಿದ್ದ,’ ಎಂದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ‘ಬೆನ್ನು ಮಾತ್ರ. ತಲೆ ಒರೆಸಿಕೊಳ್ತಿದ್ದ.’

ಅಷ್ಟರಲ್ಲಿ ಮುಂದಿನ ಸಾಲಿನಿಂದ, ಒಂದು ಸಾವು ಬೇಕು ಎಂದಿದ್ದನಲ್ಲ, ಅವನು ಎದ್ದು ಗಂಟಲು ಸರಿಮಾಡಿಕೊಂಡ. ‘ಆ ಮೂಲೆಯಾಗಿನ ಹುಡುಗ ಇಷ್ಟು ದಿವಸ ಎಲ್ಲಿದ್ದ ಅಂತ ಕಥೆಯಾಗೆ ಹೇಳೇ ಇಲ್ಲ. ಇದನ್ನ ನಂಬೋದು ಹೆಂಗೆ?’ ಎಂದ.

ಗೋಡೆಯ ಮೇಲೆ ಆ ಬರಹ ಇನ್ನೂ ಹಾಗೇ ಇತ್ತು. ನನ್ನ ಮೈಯೆಲ್ಲ ಉರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಆದರೆ ನನಗಿಂತ ಮುಂಚೆ ರಾಯರು ಎದ್ದು ನಿಂತಿದ್ದರು.

‘ನನ್ನದೊಂದು ಮಾತಿದೆ,’ ಎಂದರು.